ಮೂರು ಗಂಟೆಗೆ ಬಿಡುವ ನಮ್ಮ ಗಾಡಿ

ಚನ್ನಬಸಪ್ಪ ಮಾಮಾನ ಎಡಗೈಗೆ ಎರಡು ಗಡಿಯಾರಗಳಿದ್ದವು ಎಂದು ನನ್ನ ನೆನಪು. ಒಂದು ಕಲಬುರಗಿಯ ವೇಳೆಗೆ, ಇನ್ನೊಂದು ಅವರ ರೈಲಿನ ವೇಳೆಗೆ. ಆದರೆ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ಈ ಬರಹದಲ್ಲಿ ಕೆಲವು ಸಂಗತಿಗಳು ಹಿಂದುಮುಂದಾಗಿರಬಹುದು. ಕೆಲವನ್ನು ನಾನು ನೋಡಿಯೇ ಇರಲಿಕ್ಕಿಲ್ಲ, ಕೇಳಿ ಕೇಳಿ ನೋಡಿದಂತಾಗಿರಬಹುದು. ಗಡಿಯಾರದ ಮಾತನ್ನೇ ತೆಗೆದುಕೊಂಡರೆ, ಮಾಮಾನ ತಂಗಿಯಾದ ನನ್ನ ಅವ್ವ ಒಪ್ಪುವುದೇ ಇಲ್ಲ. "ಒಂದ ಕೈಗೆ ಎರಡು ಗಡಿಯಾರ ಕಟ್ಕೊಂಡು ಗಂಜಿನ್ಯಾಗ ತಿರಗಿದ್ರ ಮಂದಿ ಹುಚ್ಚ ಅಂತಿದ್ರು. ಒಂದು ಕೈಯಾಗಿತ್ತು, ಇನ್ನೊಂದು ಅಂಗಿ ಬಕ್ಕಣದಾಗಿತ್ತು" ಎನ್ನುತ್ತಾಳೆ. ಹಂಗೂ ಮಂದಿ ಹುಚ್ಚ ಅಂತಿದ್ರಲ್ಲ ಎಂದರೆ, "ಅದು ಗಡಿಯಾರಕ್ಕಲ್ಲವಾ, ರೈಲಿಗೆ" ಎನ್ನುತ್ತಾಳೆ.

ನಾವಿಬ್ಬರೂ ಒಪ್ಪುವ ಚಿತ್ರ ಒಂದಿದೆ. ಬೇಸಿಗೆಯ ಮಧ್ಯಾಹ್ನ. ಕಲಬುರಗಿಯ ಕಾಳುಕಡಿ ಪೇಟೆಯಾದ ನೆಹರು ಗಂಜಿನ ಬೀದಿಯಲ್ಲಿ ನಾಯಿ ಕೂಡ ಓಡಾಡದ ಬಿಸಿಲು. ತೊಗರಿಯ ಸುಗ್ಗಿ ಮುಗಿದಿದೆ, ದಲಾಲಿಯ ಅಡತ ಅಂಗಡಿಗಳಲ್ಲಿ ಹಮಾಲರು ಖಾಲಿ ಚೀಲಗಳ ಮೇಲೆ ಮೈಚಾಚಿದ್ದಾರೆ, ಗುಮಾಸ್ತರು ಗೋಡೆಗೆ ತಲೆಯಾನಿಸಿ ಬಾಯಿ ತೆರೆದಿದ್ದಾರೆ. ಮಾಮಾ ಮಾತ್ರ ತಮ್ಮ ಅಂಗಡಿಯ ಗಾದಿಯ ಮೇಲೆ ನೆಟ್ಟಗೆ ಕೂತು ಗಡಿಯಾರ ನೋಡುತ್ತಿದ್ದಾರೆ. ಮೂರು ಗಂಟೆ ಹೊಡೆಯುತ್ತಲೇ ತೊಡೆಯ ಮೇಲೊಂದು ಮೆಲ್ಲನೆಯ ಪೆಟ್ಟು. "ಬಿಟ್ಟಿತು ನೋಡು ನಮ್ಮ ಗಾಡಿ."

ಚೀಲಗಳ ಮೇಲಿನಿಂದ ತೂಕದ ಖಾಜಾಸಾಬ್ ಕಣ್ಣು ತೆರೆಯದೆ ಕೇಳುತ್ತಾನೆ, "ಲೇಟ್ ತೋ ನಹೀ ಹುವಾ ಸಾವ್ಕಾರ್ರೇ?"

"ನಮ್ಮ ಗಾಡಿ ಯಾವಾಗ ಲೇಟಾಗ್ಯದಲೇ?"

ನಮ್ಮ ಗಾಡಿ ಎಂದರೆ ವೇಲ್ಸ್ ದೇಶದ ಗುಡ್ಡಗಳ ನಡುವೆ ಓಡುವ ಒಂದು ಪುಟ್ಟ ಉಗಿರೈಲು. ಅದರ ಹೆಸರು ನನ್ನ ನಾಲಿಗೆಗೂ ಹೊರಳುವುದಿಲ್ಲ, ಮಾಮಾನ ನಾಲಿಗೆಗೂ ಹೊರಳುತ್ತಿರಲಿಲ್ಲ. ಒಂದಾನೊಂದು ಕಾಲಕ್ಕೆ ಕಲ್ಲುಗಣಿಯಿಂದ ಹಲಗೆಕಲ್ಲು ಹೊರುತ್ತಿದ್ದ ಆ ರೈಲು ಗಣಿಯೊಂದಿಗೇ ಮುಚ್ಚಿಹೋಗಿತ್ತಂತೆ. ಆಮೇಲೆ ಸುತ್ತಲಿನ ಹಳ್ಳಿಯವರು, ಉಗಿ ಎಂಜಿನ್ನಿನ ಹುಚ್ಚಿನವರು ಷೇರು ಹಾಕಿ ಕಂಪನಿ ಮಾಡಿ, ಹಳಿಯ ಮೇಲಿನ ಕಂಟಿ ಕಡಿದು ಮತ್ತೆ ಓಡಿಸಿದರು. ಡ್ರೈವರನಿಂದ ಹಿಡಿದು ಕಸ ಗುಡಿಸುವವನವರೆಗೆ ಯಾರಿಗೂ ಸಂಬಳವಿಲ್ಲ. ಷೇರಿಗೆ ಲಾಭಾಂಶವೂ ಇಲ್ಲ. ವರ್ಷಕ್ಕೊಂದು ಪತ್ರಿಕೆ, ಸಭೆಯಲ್ಲಿ ಮತ ಹಾಕುವ ಹಕ್ಕು, ಮತ್ತು ಷೇರುದಾರನೂ ಅವನ ಜೊತೆಗೊಬ್ಬರೂ ಪುಕ್ಕಟೆ ಪ್ರಯಾಣ ಮಾಡುವ ಪಾಸು, ಇಷ್ಟೇ. ಆ ರೈಲಿನಲ್ಲಿ ನಮ್ಮ ಮಾಮಾನ ಷೇರುಗಳಿದ್ದವು.

ಇದು ಹೇಗೆ ಬಂತು ಎಂಬುದಕ್ಕೆ ಕಮಲಾಪುರಕ್ಕೆ ಹೋಗಬೇಕು. ಮಾಮಾ ಹುಟ್ಟಿ ಬೆಳೆದದ್ದು ಅಲ್ಲಿ, ಕೆಂಪು ಬಾಳೆಯ ತೋಟದಲ್ಲಿ. ಬಾಳೆಗೊನೆ ಏರಿಸಿಕೊಂಡು ಅಪ್ಪನ ಜೊತೆ ಕಲಬುರಗಿ ಸ್ಟೇಷನ್ನಿಗೆ ಬಂದಾಗಲೆಲ್ಲ ಹುಡುಗನ ಪ್ರಶ್ನೆ ಒಂದೇ: ನಮ್ಮೂರಿಗೆ ರೈಲು ಯಾವಾಗ ಬರ್ತದ? "ಬರ್ತದ ಬರ್ತದ ಅಂತ ನಮ್ಮಪ್ಪ ಹೋದ, ಬರ್ತದ ಬರ್ತದ ಅಂತ ಆಳಿದವರೂ ಹೋದ್ರು" ಎಂದು ಮಾಮಾ ನಗುತ್ತಿದ್ದರು. ದೊಡ್ಡವರಾಗಿ ಗಂಜಿನಲ್ಲಿ ಅಂಗಡಿ ಹಾಕಿದ ಮೇಲೆ, ಬೇಳೆ ತುಂಬಿದ ವ್ಯಾಗನ್ನೊಂದು ವಾಡಿ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದಿದೆಯೆಂದು ಒಮ್ಮೆ ಅಲ್ಲಿಗೆ ಹೋದರು. ಉಗಿ ಎಂಜಿನ್ನುಗಳ ಕೊನೆಗಾಲ ಅದು. ಬಿಸಿಲಿಗೆ ಕೆಂಪಗಾದ ಬಿಳಿಯನೊಬ್ಬ ಎಂಜಿನ್ನಿನ ಮುಂದೆ ಮಂಡಿಯೂರಿ ಫೋಟೋ ತೆಗೆಯುತ್ತಿದ್ದನಂತೆ. "ದೇವರ ಮುಂದ ಕುಂತಂಗ ಕುಂತಿದ್ದ. ಇಂವ ನಮ್ಮಾಂವ ಅನ್ನಿಸ್ತು" ಎಂದು ಮಾಮಾ ಹೇಳುತ್ತಿದ್ದರು. ಅವನ ಹೆಸರು ಟಾಮ್. ಇಬ್ಬರೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿಂದರು. ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಟಾಮ್ ತನ್ನ ರೈಲಿನ ಕಥೆ ಹೇಳಿದ. ಮಾಮಾ ಕೇಳಿದ್ದು ಒಂದೇ ಮಾತು, "ನನಗೂ ಒಂದೆರಡು ಷೇರು ಸಿಗ್ತಾವೇನು?" ಬಕ್ಕಣದಲ್ಲಿದ್ದದ್ದನ್ನೆಲ್ಲ ಅವನ ಕೈಗಿಟ್ಟು ಬಂದರು.

ಗಂಜಿನವರು ನಕ್ಕರು. ಮಹಾನಂದಾ ಅತ್ತಿ, ಮಾಮಾನ ಹೆಂಡತಿ, ನಗಲಿಲ್ಲ. "ವ್ಯಾಗನ್ ಬಿಡಿಸಿ ತರ್ರಿ ಅಂದ್ರ ರೈಲ ತಗೊಂಡು ಬಂದೀರಿ" ಅಂದರಂತೆ. ಕೆಲವು ತಿಂಗಳ ಮೇಲೆ ಷೇರುಪತ್ರ ಬಂದೇಬಿಟ್ಟಿತು. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದರು. ದೀಪಾವಳಿಯ ಪಾಡ್ಯಕ್ಕೆ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಪೂಜೆಯಾದ ಮೇಲೆ ಅದಕ್ಕೂ ವಿಭೂತಿ, ಅದಕ್ಕೂ ಚೆಂಡುಹೂವಿನ ಮಾಲೆ.

"ಅದರಿಂದ ಏನ್ ಬರ್ತದ್ರಿ?" ಎಂದು ಹೊಸಬರು ಕೇಳುತ್ತಿದ್ದರು.

"ಹೊಗಿ" ಎನ್ನುತ್ತಿದ್ದರು ಮಾಮಾ. ಆಮೇಲೆ ಸಾವಕಾಶವಾಗಿ, "ನಮ್ಮೂರಿಗೆ ರೈಲು ಬರೋತನಕ ಯಾವುದರೆ ಒಂದು ರೈಲಿನ್ಯಾಗ ನಮ್ಮ ಪಾಲು ಇರ್ಲಿ. ಹೊಲ ಇದ್ದಾಂವ ದಿನಾ ಹೊಲಕ್ಕ ಹೋಗ್ತಾನೇನು? ಆದ್ರ ಮಳಿ ಬಂದಾಗ ಅಂವಗ ಬ್ಯಾರೇನೇ ಅನಸ್ತದ."

ನಾನು ಪದವಿ ಓದುತ್ತಿದ್ದಾಗ ನಡೆದ ಒಂದು ಸಂಗತಿ ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎನ್ನುವಾಗಲೇ ನಾನು ಎಚ್ಚರವಾಗಿರಬೇಕು, ಇರಲಿ. ಆ ವರ್ಷ ಕಂಪನಿಯಿಂದ ಮತಪತ್ರ ಬಂತು. ಎಲ್ಲಕ್ಕಿಂತ ಹಳೆಯ ಎಂಜಿನ್ನಿನ ಬಾಯ್ಲರು ಸೋರುತ್ತಿದೆ, ಒಂದು ವಸ್ತುಸಂಗ್ರಹಾಲಯ ಅದನ್ನು ಕೊಳ್ಳಲು ಮುಂದೆ ಬಂದಿದೆ, ಮಾರೋಣವೋ ಉಳಿಸಿಕೊಳ್ಳೋಣವೋ? ಮಾಮಾನಿಗೆ ಊಟ ಸೇರದಾಯಿತು. ಕೊನೆಗೆ ಅಂಗಡಿಯಲ್ಲೇ ಪಂಚಾಯ್ತಿ ಸೇರಿಸಿದರು.

ಪಕ್ಕದ ಅಂಗಡಿಯ ವೀರಣ್ಣ ಹೇಳಿದರು, "ಮಾರ್ರಿ ಚನ್ನಬಸಪ್ಪ. ಅಲ್ಲಿ ಇಟ್ರ ಪೂಜಿ ಆಗ್ತದ, ಇಲ್ಲಿ ಇಟ್ರ ಗುಜರಿ ಆಗ್ತದ."

ಖಾಜಾಸಾಬ್ ಎದ್ದು ಕೂತ. "ಮುದಿ ಎತ್ತು ಮಾರಾಂವ ಮನೀ ಬರಕತ್ತ ಮಾರ್ತಾನ, ಸಾವ್ಕಾರ್ರೇ. ಸೋರಿದ್ರ ಸೋರ್ಲಿ, ನಮ್ಮ ಮನೀ ಮಾಳಗಿ ಸೋರಂಗಿಲ್ಲೇನು?"

"ನಿನ್ನ ಮಾಳಗಿ ಮ್ಯಾಗ ಮಂದಿ ಕುಂತು ಹೋಗಂಗಿಲ್ಲೋ!" ಎಂದರು ವೀರಣ್ಣ.

ಗದ್ದಲವಾಯಿತು. ಆಗ ಮಾಮಾ ಹೆಗಲ ಮೇಲಿನ ಟವೆಲ್ ತೆಗೆದರು. ಗಂಜಿನಲ್ಲಿ ಮೊದಲೆಲ್ಲ ಧಾರಣೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೊಳ್ಳುವವನೂ ದಲಾಲನೂ ಕೈ ಹಿಡಿದು ಬೆರಳೊತ್ತಿ ತಿಳಿಸುತ್ತಿದ್ದರು, ಮೂರನೆಯವನಿಗೆ ಗೊತ್ತಾಗುತ್ತಿರಲಿಲ್ಲ. ಮಾಮಾ ಹಾಗೆಯೇ ಟವೆಲ್ ಹೊದಿಸಿದ ಕೈಯನ್ನು ಒಬ್ಬೊಬ್ಬರ ಮುಂದೆಯೂ ಚಾಚಿದರು. ಉಳಿಸೂದಿದ್ರ ಒಂದು ಬೆರಳು, ಮಾರೂದಿದ್ರ ಎರಡು. ಹಮಾಲರೆಲ್ಲ ಗಂಭೀರವಾಗಿ ಕೈ ಹಾಕಿದರು. ವೀರಣ್ಣನೂ ಹಾಕಿದರು. ನನ್ನ ಸರದಿ ಬಂದಾಗ ನಾನು ಎಷ್ಟು ಬೆರಳೊತ್ತಿದೆ ಎಂಬುದು ಇವತ್ತು ನನಗೆ ನೆನಪಿಲ್ಲ. ಬೇಳೆಯ ಧೂಳಿನಿಂದ ಒರಟಾಗಿದ್ದ ಆ ಬೆಚ್ಚನೆಯ ಅಂಗೈ ಮಾತ್ರ ನೆನಪಿದೆ.

ಅಷ್ಟಕ್ಕೇ ನಿಲ್ಲದೆ, ಸಂಜೆ ಬ್ರಹ್ಮಪುರದ ತಮ್ಮ ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಿಯ ಮುಂದೆಯೂ ಕೈ ಚಾಚಿದರು. "ನನ್ನ ಬೆರಳಿಗೆ ರೊಟ್ಟಿ ಬಡದು ಬಡದು ಸಾಕಾಗ್ಯದ, ನಿಮ್ಮ ರೈಲು ನೀವ ನೋಡ್ಕೋರಿ" ಎಂದರು ಅತ್ತಿ. ಎಂದವರೇ ಹಿಟ್ಟಿನ ಕೈಯನ್ನು ಟವೆಲ್ಲಿನ ಕೆಳಗಿಟ್ಟರು. ಮಾಮಾ ಒಂದು ಗಳಿಗೆ ಅತ್ತಿಯ ಮುಖ ನೋಡಿ ನಕ್ಕರು. ಯಾರು ಏನು ಒತ್ತಿದರೆಂದು ಕೊನೆಯವರೆಗೂ ಹೇಳಲಿಲ್ಲ. "ಟವೆಲ್ ಕೆಳಗಿನ ಮಾತು ಟವೆಲ್ ಕೆಳಗ." ಎಂಜಿನ್ ಉಳಿಯಿತೆಂದು ಟಾಮ್ ಬರೆದ ದಿನ ಕಮಲಾಪುರದಿಂದ ಕೆಂಪು ಬಾಳೆಯ ಗೊನೆ ತರಿಸಿ ಇಡೀ ಓಣಿಗೆ ಹಂಚಿದರು.

ಕೊನೆಗೂ ಕಮಲಾಪುರಕ್ಕೆ ರೈಲು ಬಂತು. ಬೀದರ್ ಲೈನು ಶುರುವಾದ ಹೊಸದರಲ್ಲಿ ಮಾಮಾ ಪ್ರತಿವಾರವೂ ಅದರಲ್ಲಿ ಹೋಗುತ್ತಿದ್ದರು. ಬಸ್ಸಾದರೆ ಊರ ನಡುವೆ ಇಳಿಸುತ್ತದೆ, ರೈಲು ಇಳಿಸುವುದು ಊರಾಚೆ. ಆದರೂ ರೈಲೇ. ಕೆಲಸವಿಲ್ಲದಿದ್ದರೂ ರೈಲೇ. "ರೈಲು ಬೇಕು ಬೇಕು ಅಂತ ಒದರಿ, ಬಂದ ಮ್ಯಾಲ ಬಸ್ ಹತ್ತಿದ್ರ ಹೆಂಗವಾ? ಅಭಿಮಾನ ಅಂದ್ರ ತಿಕೀಟ ತಗೊಂಡು ಕುಂಡ್ರೂದು. ಗಾಡಿ ಖಾಲಿ ಓಡಿದ್ರ ನಾಳಿ ಬಂದ್ ಮಾಡ್ತಾರ."

ವೇಲ್ಸಿನ ಪತ್ರಿಕೆಯಲ್ಲಿ ಷೇರುದಾರರು ರವಿವಾರ ಬಂದು ತಮ್ಮ ಸ್ಟೇಷನ್ನಿಗೆ ತಾವೇ ಬಣ್ಣ ಬಳಿಯುವ ಚಿತ್ರಗಳಿರುತ್ತಿದ್ದವು. ಅದನ್ನು ನೋಡಿ ನೋಡಿ ಮಾಮಾ ಒಂದು ದಿನ ಖಾಜಾಸಾಬನನ್ನೂ ಒಂದು ಡಬ್ಬಿ ಹಸಿರು ಬಣ್ಣವನ್ನೂ ಕರೆದುಕೊಂಡು ಕಮಲಾಪುರ ಸ್ಟೇಷನ್ನಿಗೆ ಹೋದರು. ಯಾರನ್ನೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚೊಂದಕ್ಕೆ ಚೊಕ್ಕಟವಾಗಿ ಹಸಿರು ಹಚ್ಚಿ, ನೀರು ಕುಡಿಯಲು ಆಚೆ ಹೋದರು. ಅಷ್ಟರಲ್ಲಿ ಹುಮನಾಬಾದಿಗೆ ಹೆಣ್ಣು ನೋಡಲು ಹೊರಟ ಹಿರಿಯರು ಬಂದು, ಬಿಳಿ ಧೋತರದಲ್ಲಿ, ಆ ಬೆಂಚಿನ ಮೇಲೇ ಕೂತರು. ಮಾಮಾ ಹೇಳುವಾಗ ಹಿರಿಯರು ನಾಲ್ವರು, ಖಾಜಾಸಾಬ್ ಹೇಳುವಾಗ ಇಬ್ಬರು. ಮಾತುಕತೆ ಮಾತ್ರ ಇಬ್ಬರೂ ಹೇಳುವಾಗ ಒಂದೇ.

"ಏನ್ರೀ ಇದು?"

"ಬಣ್ಣ ರೀ."

"ಬಣ್ಣ ಅಂತ ಕಾಣ್ತದ್ರಿ! ಹಚ್ಚಿದಾಂವ ಯಾಂವ?"

"ನಾನ ರೀ."

"ನೀವೇನು ರೇಲ್ವೇದವ್ರೇನು?"

ಮಾಮಾ ತುಸು ಯೋಚಿಸಿ, "ಹೌದ್ರಿ, ಆದ್ರ ಈ ರೈಲಿಂದಲ್ಲ" ಅಂದರಂತೆ.

ಸ್ಟೇಷನ್ನಿನವರೂ ಓಡಿಬಂದರು. ಮಾಮಾ ಕೈಮುಗಿದು ತಪ್ಪೊಪ್ಪಿಕೊಂಡು, ಊರೊಳಗಿನ ತಮ್ಮ ದಾಯಾದಿಗಳ ಮನೆಯಿಂದ ಮಡಿ ಧೋತರ ತರಿಸಿ ಉಡಿಸಿ ಕಳಿಸಿದರು. ಅವರಲ್ಲಿ ಒಬ್ಬ ಹಠಮಾರಿ ಮಾತ್ರ ಬದಲಿಸಲಿಲ್ಲ. ಬೆನ್ನ ಕೆಳಗೆ ಹಸಿರು ಪಟ್ಟಿಗಳೊಂದಿಗೇ ಹೆಣ್ಣು ನೋಡಿ ಬಂದನಂತೆ. "ಮದುವಿ ಕೂಡಿತು ನೋಡು. ನಮ್ಮ ರೈಲಿನ ಬಣ್ಣದ ಕೈಗುಣ ಛಲೋ" ಎಂದು ಮಾಮಾ ಬೀಗುತ್ತಿದ್ದರು.

ಇಷ್ಟಾದರೂ ತಾವು ಪಾಲುದಾರರಾದ ರೈಲಿನಲ್ಲಿ ಮಾಮಾ ಒಮ್ಮೆಯೂ ಕೂತಿರಲಿಲ್ಲ. ಅದೊಂದೇ ಅವರ ಕೊರಗು. ಇಬ್ಬರ ಪಾಸು ವರ್ಷವರ್ಷವೂ ಬರುತ್ತಿತ್ತು, ವರ್ಷವರ್ಷವೂ ಅವಧಿ ಮೀರುತ್ತಿತ್ತು. ಮಕ್ಕಳಿಲ್ಲದ ಮಾಮಾ ನನಗೆ ಚಿಕ್ಕಂದಿನಿಂದಲೂ ಹೇಳುತ್ತಿದ್ದರು, "ಆ ಎರಡನೇ ಸೀಟು ನಿಂದವಾ. ನಿಮ್ಮತ್ತಿ ವಿಮಾನ ಹತ್ತಂಗಿಲ್ಲ." ಟಾಮ್ ತೀರಿಕೊಂಡ. ಮಾಮಾನಿಗೆ ಎಪ್ಪತ್ತು ದಾಟಿತು. ಆಗ ನಾನು ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಇಂಗ್ಲೆಂಡಿನ ವಿಚಾರ ಸಂಕಿರಣವೊಂದಕ್ಕೆ ನನಗೆ ಕರೆ ಬಂತು. ನಾನು ಮೊದಲು ಹೋಗಿ ನನ್ನ ಕೆಲಸ ಮುಗಿಸುವುದು, ಆಮೇಲೆ ಮಾಮಾ ಬರುವುದು, ಇಬ್ಬರೂ ವೇಲ್ಸಿಗೆ ಹೋಗಿ ನಮ್ಮ ಗಾಡಿ ಹತ್ತುವುದು ಎಂದು ನಿಕ್ಕಿಯಾಯಿತು.

ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟು ಎಲ್ಲ ಆಯಿತು. ಮಾಮಾ ಹೊಸ ಕೋಟು ಹೊಲಿಸಿದರು. ಸಂಬಳವಿಲ್ಲದೆ ದುಡಿಯುವ ಆ ಮಂದಿಗೆಂದು ಅತ್ತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಟ್ಟರು. ಬೆಳಗಿನ ಮುಂಬಯಿ ಗಾಡಿಗೆ ಅತ್ತಿ, ಅವ್ವ, ಖಾಜಾಸಾಬ್ ಮೂವರೂ ಸ್ಟೇಷನ್ನಿಗೆ ಹೋಗಿ ಹತ್ತಿಸಿ ಬಂದರು. ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಮಾ ಬ್ರಹ್ಮಪುರದ ಮನೆಯ ಬಾಗಿಲಲ್ಲಿ ನಿಂತಿದ್ದರು. ಮೈಮೇಲೆ ಕೋಟು, ಒಂದು ಕೈಯಲ್ಲಿ ಬಿಚ್ಚದ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಹೊಸದೊಂದು ಸೊಲ್ಲಾಪುರ ಚಾದರ.

ಇದನ್ನು ನಾನು ಕಂಡಿಲ್ಲ. ಅವ್ವ ಫೋನಿನಲ್ಲಿ ಹೇಳಿದ್ದು. ಆ ದಿನದ ನನ್ನ ಡೈರಿ ತೆಗೆದು ನೋಡಿದರೆ ಹೀಗಿದೆ: "ಮಾಮಾ ಬರುತ್ತಿಲ್ಲ. ಮಳೆ. ದಪ್ಪ ಸ್ವೆಟರ್ ತರಬೇಕಿತ್ತು." ಇಷ್ಟು ವರ್ಷ ಡೈರಿ ಬರೆದು ನಾನು ಹಿಡಿದಿಟ್ಟಿರುವುದು ಇಂಥ ಸ್ವೆಟರುಗಳನ್ನೇ ಇರಬೇಕು.

ಮುಂಬಯಿ ಮುಟ್ಟದೆ ನಡುದಾರಿಯ ಸೊಲ್ಲಾಪುರದಲ್ಲೇ ಇಳಿದು ತಿರುಗಿ ಬಂದದ್ದೇಕೆ ಎಂಬುದಕ್ಕೆ ಮಾಮಾ ಒಬ್ಬೊಬ್ಬರಿಗೆ ಒಂದೊಂದು ಹೇಳಿದರು. ಅವ್ವನಿಗೆ ಮೊಣಕಾಲು ನೋವು. ವೀರಣ್ಣನಿಗೆ, "ಚಾದರ ತರಾಕಂತ ಹೋಗಿದ್ದೆ, ಇಂಗ್ಲೆಂಡಂತ ಯಾರಂದ್ರು?" ನನಗೆ, "ಇಳೀಬೇಕನಸ್ತು, ಇಳದೆವಾ."

ನಾನೊಬ್ಬಳೇ ಹೋದೆ. ಗುಡ್ಡದ ಬುಡದಲ್ಲಿ ನಮ್ಮ ಹಳೆಯ ಅಂಚೆ ಕಚೇರಿಯಷ್ಟೇ ದೊಡ್ಡ ಸ್ಟೇಷನ್ನು. ಕಿಟಕಿಯಲ್ಲಿದ್ದ ಮುದುಕಿಗೆ ಪಾಸಿನ ಮೇಲಿನ ಹೆಸರು ಹೇಳಿದಾಗ ಆಕೆ ಎದ್ದು ನಿಂತಳು. ಕಲಬುರಗಿಯ ಷೇರುದಾರ ಎಂದಾದರೂ ಬಂದಾನೆಂದು ಅವರೆಲ್ಲ ಕಾಯುತ್ತಿದ್ದರಂತೆ. ನಾನು ಅವರ ಸೊಸೆ, ತಂಗಿಯ ಮಗಳು ಎಂದೆ. ಆಕೆ ಇಬ್ಬರ ಟಿಕೆಟ್ಟನ್ನೇ ಹರಿದು ಕೊಟ್ಟಳು.

ಡಬ್ಬಿಯಲ್ಲಿ ಎದುರಿನ ಸೀಟನ್ನು ಖಾಲಿ ಬಿಟ್ಟು ಕೂತೆ. ಹೊರಡುವ ಹೊತ್ತಿಗೆ ಸರಿಯಾಗಿ ಮಾಮಾನಿಗೆ ವಿಡಿಯೋ ಕರೆ ಮಾಡಿದೆ. ವೇಲ್ಸಿನಲ್ಲಿ ಬೆಳಗಿನ ಹತ್ತೂವರೆ, ಅಲ್ಲಿ ಗಂಜಿನಲ್ಲಿ ಮೂರು ಗಂಟೆ. ಪರದೆಯ ತುಂಬ ಹಮಾಲರ ತಲೆಗಳು, ನಡುವೆ ಮಾಮಾ. ಅಷ್ಟರಲ್ಲಿ ಎಂಜಿನ್ ಸೀಟಿ ಹಾಕಿತು. ಬಾಯ್ಲರು ಸೋರುತ್ತಿದ್ದ ಅದೇ ಮುದಿ ಎಂಜಿನ್.

"ಅರೇ, ಬಿಟ್ಟಿತು ಬಿಟ್ಟಿತು!" ಎಂದು ಖಾಜಾಸಾಬ್ ಕುಣಿದ. "ಸಾವ್ಕಾರ್ರೇ, ಆಂಖ್ ಖೋಲೋ, ನೋಡ್ರೀ!"

ಮಾಮಾ ಕಣ್ಣು ಮುಚ್ಚಿಕೊಂಡಿದ್ದರು. "ಫೋನ್ ಕೆಳಗಿಡವಾ" ಎಂದರು. "ಬಂದ್ ಮಾಡಬ್ಯಾಡ. ನೀ ನೋಡು, ನಾ ಕೇಳ್ತೀನಿ."

ಫೋನನ್ನು ಎದುರಿನ ಖಾಲಿ ಸೀಟಿನ ಮೇಲಿಟ್ಟೆ. ಕಿಟಕಿಯಾಚೆ ಮಂಜು, ಕುರಿಗಳು, ಒದ್ದೆ ಕಲ್ಲಿನ ಗೋಡೆಗಳು. ಗುಡ್ಡವೇರುವಾಗ ಎಂಜಿನ್ನಿನ ಏದುಸಿರು. ಕೊನೆಯ ಸ್ಟೇಷನ್ ಬರುವವರೆಗೂ ಆ ಕಡೆಯಿಂದ ಯಾರೋ ಮೂಗು ಒರೆಸಿಕೊಳ್ಳುವ ಸದ್ದು. ಅದು ಮಾಮಾ ಎಂದು ನಾನಂದುಕೊಂಡಿದ್ದೆ. ಖಾಜಾಸಾಬ್ ಅದು ತಾನು ಎನ್ನುತ್ತಾನೆ.

ಅದಾದ ಮೇಲೆ ಮಾಮಾ ಹೆಚ್ಚು ದಿನ ಇರಲಿಲ್ಲ. ನಾನು ಕೊನೆಯ ಸಲ ಅವರನ್ನು ಚೆನ್ನಾಗಿ ನೋಡಿದ್ದು ಕಮಲಾಪುರದ ಪ್ಲಾಟ್‌ಫಾರ್ಮಿನಲ್ಲಿ. ಹಸಿರು ಬೆಂಚನ್ನು ಅಂಗೈಯಿಂದ ಒರೆಸಿ ಕೂತು, ಇಳಿಯುವವರನ್ನೂ ಹತ್ತುವವರನ್ನೂ ನೋಡುತ್ತಿದ್ದರು. "ಮಂದಿ ಹೆಚ್ಚಾಗ್ಯಾರ ಅಲ್ಲ?" ಎಂದು ಕೇಳಿದರು. ಹೌದು ಎಂದೆ. ನನಗೆ ಗೊತ್ತಿರಲಿಲ್ಲ. ತೊಗರಿ ಬರುವ ಚಳಿಯಲ್ಲಿ, ಗಂಜು ತುಂಬಿ ತುಳುಕುವಾಗ ಅವರು ಹೋದರು. ಚಳಿಗಾಲದಲ್ಲಿ ಆ ರೈಲಿಗೆ ರಜೆ. "ಗಾಡಿ ಬಂದ್ ಇರೋ ಟೈಮ್ ನೋಡ್ಕೊಂಡೇ ಹೋದ್ರು" ಎಂದು ಖಾಜಾಸಾಬ್ ಅತ್ತ.

ಷೇರುಗಳನ್ನು ಯಾರ ಹೆಸರಿಗೆ ಮಾಡಬೇಕೆಂದು ಕಂಪನಿಯವರು ಕೇಳಿದರು. ನನ್ನ ಹೆಸರಿಗೇ ಬರುತ್ತವೆಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಅತ್ತಿ ತಲೆಯೆತ್ತದೆ ಹೇಳಿದರು, "ನನ್ನ ಹೆಸರಿಗೆ ಮಾಡ್ಸು." ಈಗ ಷೇರುಪತ್ರದ ಪಟ ಬ್ರಹ್ಮಪುರದ ಮನೆಯಲ್ಲಿದೆ. ಮೂರು ಗಂಟೆಗೆ ಅತ್ತಿ ಗಡಿಯಾರ ನೋಡುತ್ತಾರೋ ಇಲ್ಲವೋ, ನನಗೆ ತಿಳಿಯದು. ಆ ಹೊತ್ತಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ.

ಮೊನ್ನೆ ಅತ್ತಿಯೇ ಹೊರಟರು, ಕಮಲಾಪುರಕ್ಕೆ, ರೈಲಿನಲ್ಲೇ. "ಬಸ್ಸಿಗೆ ಹೋಗೋಣೇನು ಅತ್ತಿ?" ಎಂದದ್ದಕ್ಕೆ, "ರೈಲು ಇಟ್ಕೊಂಡು ಬಸ್ ಹತ್ತೂದಾ?" ಎಂದು ನನ್ನನ್ನೇ ಗದರಿದರು. ಬೆಳಗಿನ ಚಳಿ. ಎದುರುಬದುರಾಗಿ ಕೂತೆವು. ಅತ್ತಿ ಆ ಸೊಲ್ಲಾಪುರ ಚಾದರವನ್ನು ತಮ್ಮ ಮೊಣಕಾಲ ಮೇಲೂ ನನ್ನ ಮೊಣಕಾಲ ಮೇಲೂ ಬರುವಂತೆ ಹರವಿದರು. ತಾಜಸುಲ್ತಾನಪುರ ದಾಟಿತು. ತೊಗರಿ ಹೊಲಗಳು ಸರಿಯುತ್ತಿದ್ದವು. ಇಷ್ಟು ದಿನ ಬಾಯಿತನಕ ಬಂದು ನಿಂತದ್ದನ್ನು ಕೇಳಿಯೇಬಿಟ್ಟೆ.

"ಅತ್ತಿ, ಮಾಮಾ ಸೊಲ್ಲಾಪುರದಿಂದ ತಿರುಗಿ ಬಂದ ಸಂಜಿಗೆ ನೀವ ಬಾಗಲಾ ತೆಗದೀರಿ. ನಿಮ್ಮನ್ನ ನೋಡಿ ಮಾಮಾ ಏನಂದ್ರು?"

ಅತ್ತಿ ಕಿಟಕಿಯಾಚೆ ನೋಡುತ್ತಲೇ ಇದ್ದರು. ಚಾದರದ ಕೆಳಗೆ ಅವರ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು, ಹಿಡಿದುಕೊಂಡಿತು. ಗಂಜಿನ ಟವೆಲ್ಲಿನ ಕೆಳಗಿನ ಹಾಗೆ ಬೆರಳೊತ್ತಿ ಉತ್ತರ ಹೇಳುತ್ತಾರೇನೋ ಎಂದು ನಾನು ಕಾದೆ. ಕಮಲಾಪುರ ಬರುವವರೆಗೂ ಸುಮ್ಮನೆ ಹಿಡಿದೇ ಇದ್ದರು.